ಅಣ್ಣನ ಗುಟ್ಟಿನ ಪದ

ಆಗ ನಾನು ಇಂದಿರಾನಗರದ ಕಂಪನಿಯೊಂದರಲ್ಲಿ ಗುಪ್ತಲಿಪಿಯ ಪ್ರೋಗ್ರಾಂ ಬರೀತಿದ್ದೆ. ಕಗ್ಗದಾಸಪುರದ ನಮ್ಮ ಮನೆ ಓನರ್ ಮುನಿರಾಜಪ್ಪನವರಿಗೂ ಅವರ ಅಣ್ಣನಿಗೂ ಮಾತು ಬಿಟ್ಟುಹೋಗಿತ್ತು. ಅಪ್ಪನ ಜಮೀನು ಎರಡು ಪಾಲಾಗಬೇಕಿತ್ತು. ಕೆರೆ ಕಡೆಯದೋ ರೈಲು ಹಳಿ ಕಡೆಯದೋ ಅಂತ ತಾನು ಮೊದಲು ಬಾಯಿಬಿಟ್ಟರೆ ಇನ್ನೊಬ್ಬ ಹಠಕ್ಕೆ ಅದನ್ನೇ ಕೇಳ್ತಾನೆ ಅನ್ನೋ ಅನುಮಾನ ಇಬ್ಬರಿಗೂ.

ನಾನೇ ಉಪಾಯ ಹೇಳಿದೆ. ಒಬ್ಬೊಬ್ಬರೇ ನನ್ನ ಕಂಪ್ಯೂಟರ್ ಮುಂದೆ ಕೂತು, ಅಕ್ಷರ ಹುಡುಕಿ ಹುಡುಕಿ, ಬೇಕಾದ ಪಾಲನ್ನೂ ಒಂದು ಗುಟ್ಟಿನ ಪದವನ್ನೂ ಒತ್ತಿದರು. ಒಬ್ಬೊಬ್ಬರ ಪಾಲೂ ಪದವೂ ಸೇರಿ ಒಂದೊಂದು ಉದ್ದನೆಯ ಸಂಖ್ಯೆಯಾಯಿತು. ಒತ್ತಿದ್ದು ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ, ಸಂಖ್ಯೆ ನೋಡಿ ತಿಳಿಯುವುದೂ ಇಲ್ಲ. ಆ ಸಂಖ್ಯೆಗಳ ಚೀಟಿಗಳನ್ನು ಅದಲುಬದಲು ಮಾಡಿಕೊಂಡರು. ಭಾನುವಾರ ಇಬ್ಬರೂ ತಮ್ಮ ಪಾಲನ್ನೂ ಪದವನ್ನೂ ಬಿಟ್ಟುಕೊಟ್ಟಾಗ ಅದು ಅವರವರ ಚೀಟಿಯ ಸಂಖ್ಯೆಗೆ ತಾಳೆಯಾಗಬೇಕು. ನಡುವೆ ಮಾತು ಬದಲಿಸುವ ಹಾಗಿಲ್ಲ.

ಶುಕ್ರವಾರ ಅಣ್ಣ ಎದೆನೋವು ಬಂದು ತೀರಿಕೊಂಡರು.

ತಿಥಿ ಮುಗಿದ ಮೇಲೆ ಮುನಿರಾಜಪ್ಪ ಅಣ್ಣನ ಚೀಟಿ ಹಿಡಿದು ಬಂದರು.

"ಇದನ್ನ ಬಿಚ್ಚಿ ನೋಡಿ ಸಾರ್. ಅವ್ನು ಏನ್ ಕೇಳಿದ್ನೋ ಅದನ್ನೇ ಅವ್ನ ಮಕ್ಳಿಗೆ ಕೊಟ್ಬಿಡ್ತೀನಿ."

"ಗುಟ್ಟಿನ ಪದ ಗೊತ್ತಿಲ್ದೆ ನನ್ ಕೈಲೂ ಆಗಲ್ಲ ಯಜಮಾನ್ರೇ."

"ನೀವೇ ಮಾಡಿದ್ದಲ್ವಾ?"

ಅವರ ಅಪ್ಪನ ಹೆಸರು, ಅಮ್ಮನ ಹೆಸರು, ಮನೆದೇವರ ಹೆಸರು, ಎಲ್ಲವನ್ನೂ ಎರಡೂ ಪಾಲಿನ ಜೊತೆ ಹಾಕಿ ನೋಡಿದೆವು. ಯಾವುದೂ ತಾಳೆಯಾಗಲಿಲ್ಲ.

"ನನ್ ಹೆಸ್ರು ಹಾಕಿ ನೋಡಿ," ಅಂದರು ಮೆಲ್ಲಗೆ.

ಹಾಕಿದೆ. ಅದೂ ಅಲ್ಲ.

ಆ ವರ್ಷ ಆಫೀಸಿನಲ್ಲಿ, ಇದೇ ಪ್ರೋಗ್ರಾಮಿನ ಗುಟ್ಟನ್ನು ಯಾರಿಂದಲೂ ಒಡೆಯಲಾಗದು ಅಂತ ಎಲ್ಲರೂ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.