ಕುರುಗೋಡಿನ ಚಾರ್ಟಿನ ನೆಟ್ಟನೆ ಗೆರಿ

ನಾನು ಕುಂತಲ್ಲಿ ಕುಂದ್ರೋ ಪೈಕಿ ಅಲ್ಲ. ಲ್ಯಾಬಿನ ರಿಪೋರ್ಟ್ ಎಷ್ಟು ನಂಬಬಹುದು ಅನ್ನೋದರ ಮ್ಯಾಲೆ ಸಂಶೋಧನಾ ಮಾಡಾಕ ಹತ್ತಿದ ಮ್ಯಾಲಂತೂ ಬಳ್ಳಾರಿ ಗಾಂಧಿನಗರದ ನನ್ನ ಮನ್ಯಾಗ ಚಾ ಸೈತ ನಿಂತೇ ಕುಡೀತೀನಿ. ಅವತ್ತು ನಾನು ಆಗಾಗ ಹೋಗಿ ತಪಾಸಣಾ ಮಾಡೋ ಕುರುಗೋಡಿನ ಒಂದು ಸಣ್ಣ ಲ್ಯಾಬಿನ ಚಾರ್ಟ್ ನೋಡಿ ತಳಮಳ ಇನ್ನೂ ಹೆಚ್ಚಾತು.

ಲ್ಯಾಬಿನ್ಯಾಗ ದಿನಾ ಮುಂಜಾನಿ, ರೋಗಿಗಳ ರಕ್ತ ಹಾಕೂಕಿಂತ ಮೊದಲು, ಹಿಮೋಗ್ಲೋಬಿನ್ ಎಷ್ಟೈತಿ ಅಂತ ಗೊತ್ತಿರೋ ರಕ್ತ ಮಷೀನಿಗೆ ಹಾಕಿ ನೋಡ್ತಾರ. ಅದಕ್ಕ ಕಂಟ್ರೋಲ್ ಅಂತಾರ. ಬಂದ ಅಂಕಿ ಚಾರ್ಟಿನ್ಯಾಗ ಗುರುತು ಹಾಕಿ ಗೆರಿ ಎಳೀತಾರ. ಒಂದಿನ ಚೂರು ಮ್ಯಾಲೆ, ಒಂದಿನ ಚೂರು ಕೆಳಗ ಬರೋದೇ ಅದರ ಗುಣ. ಈ ಚಾರ್ಟಿನ್ಯಾಗ ನೋಡಿದ್ರ ಹದಿನೈದು ದಿನ ಒಂದೇ ಅಂಕಿ, ಗೆರಿ ನೆಟ್ಟಗ! ಅಯ್ಯ, ಯಾರಿಗೆ ಟೋಪಿ ಹಾಕಾಕ ಹತ್ತ್ಯಾರ ಇವರು? ಸಿಟ್ಟು ನೆತ್ತಿಗೇರಿತು. ಬಸ್ ಹತ್ತಿ ಹೋದೆ.

ಅಲ್ಲಿ ಟೆಕ್ನಿಷಿಯನ್ ಹೆಣ್ಣುಮಗಳು ಸುಳ್ಳು ಹೇಳಲಿಲ್ಲ. “ಕಂಟ್ರೋಲ್ ಭಾಳ ಹೆಚ್ಚು ಬರ್ತಿತ್ರಿ ಮೇಡಂ. ಸರಿ ಅಂಕಿ ನಾನ ಬರದೆ. ಹೋದ ಸಲ ತಪ್ಪು ಬಂದಾಗ ನೀವು ಎಲ್ಲಾರ ಮುಂದ ಬೈದಿದ್ರಿ.”

ಬೈದಿದ್ದೆ, ಖರೇ. ನನ್ನ ಬಾಯಿಗೆ ಲಗಾಮಿಲ್ಲ. ಮಷೀನು ಕಂಟ್ರೋಲ್ ಹೆಚ್ಚು ತೋರಿಸಿತ್ತು ಅಂದ್ರ ರೋಗಿಗಳ ರಿಪೋರ್ಟೂ ಇದ್ದದ್ದಕ್ಕಿಂತ ಹೆಚ್ಚೇ ಬಂದಿದ್ವು.

ಆ ಹದಿನೈದು ದಿನದ ರಿಪೋರ್ಟ್ ಎಲ್ಲಾ ತೆಗೆದು, ಒಬ್ಬೊಬ್ಬರಿಗೂ ಫೋನ್ ಹಚ್ಚಿ ಮತ್ತ ಕರಸಿದ್ವಿ. ಒಬ್ಬಾಕಿ ಸಿಗಲಿಲ್ಲ. ಎಂಟು ತಿಂಗಳ ಬಸುರಿ, ಹೆರಿಗಿಗೆ ಅಂತ ತವರುಮನಿ ಹಚ್ಚೊಳ್ಳಿಗೆ ಹೋಗಿದ್ಲು. ಆಕಿ ರಿಪೋರ್ಟಿನ್ಯಾಗ ಹಿಮೋಗ್ಲೋಬಿನ್ ಹತ್ತು, ಅಂಥಾ ಕಡಿಮಿಯೇನಲ್ಲ ಅಂತ ಬರದು ಕಳಿಸಿದ್ರು. ರಕ್ತ ಕಡಿಮಿ ಇದ್ದು, ಅದು ಯಾರಿಗೂ ಗೊತ್ತಿಲ್ದ ಹೆರಿಗಿ ಆದ್ರ ಜೀವಕ್ಕ ಕುತ್ತು.

ಮರುದಿನ ನಾನೂ ಟೆಕ್ನಿಷಿಯನ್ನೂ ಇಬ್ಬರೂ ಹೊಂಟ್ವಿ. ಸಿರುಗುಪ್ಪದಾಗ ಹಚ್ಚೊಳ್ಳಿ ಬಸ್ ಬರವಲ್ದು. ನಾನು ಸ್ಟ್ಯಾಂಡ್ ತುಂಬ ಸುತ್ತಿದೆ. ಹೂ ಮಾರೋ ಅಮ್ಮ ನೋಡಿ ನೋಡಿ ಸಾಕಾಗಿ, “ಕುಂದ್ರವ್ವ ತಾಯಿ, ಕಾಲಿಗೆ ಚಕ್ರ ಕಟ್ಟಿಕೊಂಡಿಯೇನು?” ಅಂದ್ಲು. ಕುಂತೆ. ಮತ್ತ ಎದ್ದೆ. ಆ ಬಸುರಿಗೆ ಇವತ್ತೇ ಹೆರಿಗಿ ಬ್ಯಾನಿ ಬಂದಿದ್ರ? ಟೆಕ್ನಿಷಿಯನ್ ಮುಖ ನೋಡಾಕ ಧೈರ್ಯ ಆಗಲಿಲ್ಲ.

ಹಚ್ಚೊಳ್ಳ್ಯಾಗ ಆಕಿ ಕಟ್ಟಿ ಮ್ಯಾಲೆ ಗ್ವಾಡಿಗೆ ಒರಗಿ ಕುಂತಿದ್ಲು. ಹೊಟ್ಟಿ ಮ್ಯಾಲೆ ಕೈ ಇತ್ತು. ಸದ್ಯ ದೇವರು ದೊಡ್ಡಾವ! ಬೆರಳು ಚುಚ್ಚಿ, ಮುಂಜಾನಿ ನಾನೇ ಸರಿ ಐತಿ ಅಂತ ಪರೀಕ್ಷಾ ಮಾಡಿ ತಂದಿದ್ದ ಸಣ್ಣ ಮೀಟರಿನ್ಯಾಗ ಹಿಮೋಗ್ಲೋಬಿನ್ ನೋಡಿದ್ವಿ. ಏಳು.

“ತಪ್ಪು ನಮ್ಮದವ್ವ,” ಅಂದೆ. “ಮೊದಲಿನ ರಿಪೋರ್ಟ್ ಸುಳ್ಳು. ನಿನಗ ರಕ್ತ ಭಾಳ ಕಡಿಮಿ ಐತಿ. ಈಗಿಂದೀಗ ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗೋಣು ನಡಿ.”

ಬೈಸಿಕೊಳ್ಳಾಕ ತಯಾರಾಗಿ ನಿಂತೆ. ಆಕಿ ಬೈಲಿಲ್ಲ. ಮೀಟರ್ ಇಸ್ಕೊಂಡು ಅಂಕಿ ನೋಡಿದ್ಲು, ಕಣ್ಣಾಗ ನೀರು ಬಂತು.

“ಹಂಗಾರ ನನ್ನ ಸುಸ್ತು ಖರೇನ ಇತ್ತೇನ್ರಿ ಅಕ್ಕಾರ? ರಿಪೋರ್ಟ್ ಚಲೋ ಐತಿ, ಸೋಗು ಹಾಕ್ತಿ ಅಂತ ನಾನು ಇಲ್ಲಿಗೆ ಬರೋತನಕ ನಮ್ಮತ್ತಿ ದಿನಾ ಹೊಲಕ್ಕ ಕಳೆ ತೆಗಿಯಾಕ ಕಳಸ್ತಿದ್ರು. ಕಡೀಕ ನಾನು ಮೈಗಳ್ಳಿ ಅಂತ ನನಗೂ ಅನಿಸಿಬಿಟ್ಟಿತ್ತು.”