ಅವ್ವನ ಬೆನ್ನಿನ ಎರಡು ಪಟ್ಟಿ

ಚೆಂಡುಹೂವಿನ ಕೊಯ್ಲು ಶುರುವಾದರೆ ಸಾಕು, ಅವ್ವನ ಮುಖ, ಕತ್ತು, ಮೊಣಕೈ ಉರಿಯತೊಡಗುತ್ತಿದ್ದವು. ಕೆರೆದು ಕೆರೆದು ಚರ್ಮ ದಪ್ಪಗಾಗಿತ್ತು. ಹೂವೇ ಕಾರಣ, ಕಿತ್ತುಹಾಕು ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ನಾನು, ನನಗೆ ಗೊತ್ತಿಲ್ಲದ್ದೇನು ಎಂಬ ಜಂಬ. ಅಪ್ಪ ಹೋದ ಮೇಲೆ ತೆರಕಣಾಂಬಿಯ ಆ ಒಂದೆಕರೆಯಲ್ಲಿ ಹೂವು ಬೆಳೆದೇ ಅವ್ವ ನನ್ನನ್ನು ಓದಿಸಿದ್ದು. ಕೀಳುವ ಮಾತೇ ಇಲ್ಲ ಎಂದಳು.

ಚಾಮರಾಜನಗರದ ಚರ್ಮದ ಡಾಕ್ಟರು ಅವಳ ಬೆನ್ನಿಗೆ ಎರಡು ಪಟ್ಟಿ ಅಂಟಿಸಿದರು. ಒಂದರಡಿ ಚೆಂಡುಹೂವಿನ ಸಾರ, ಇನ್ನೊಂದರಡಿ ಬದುವಿನಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆಯದ್ದು. ಯಾವುದರಡಿ ಚರ್ಮ ಕೆಂಪಾಗುತ್ತದೋ ಅದೇ ಕಾರಣ, ಎರಡು ದಿನ ಬೆನ್ನಿಗೆ ನೀರು ತಾಕಬಾರದು ಎಂದರು. ಮರುದಿನ ಬೆಳಿಗ್ಗೆಯೇ ಅವ್ವ ತಲೆಗೆ ನೀರು ಹುಯ್ದುಕೊಂಡು ಲಿಂಗಪೂಜೆಗೆ ಕೂತಿದ್ದಳು. ಪಟ್ಟಿಗಳು ಬಚ್ಚಲಲ್ಲಿ ಬಿದ್ದಿದ್ದವು. ನನಗೆ ಕೆಟ್ಟ ಸಿಟ್ಟು ಬಂತು.

ಕೂಗಾಡಿ ಫಲವಿಲ್ಲವೆಂದು, ಕ್ಲಾಸಿನಲ್ಲಿ ಹೇಳುವುದನ್ನೇ ಅವಳಿಗೂ ಹೇಳಿದೆ. ಚರ್ಮದಲ್ಲಿ ಕಾವಲು ಕೋಶಗಳಿವೆ. ಗಿಡದ ರಸ ಒಳಗಿಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡರೆ, ಅವು ಅದನ್ನು ನುಂಗಿ, ತುಂಡರಿಸಿ, ಒಂದು ತುಂಡನ್ನು ತಮ್ಮ ಮೈಮೇಲೆ ಎತ್ತಿ ಹಿಡಿಯುತ್ತವೆ. ಕಂಕುಳಿನ ದುಗ್ಧಗ್ರಂಥಿಯವರೆಗೆ ಹೋಗಿ ಅಲ್ಲಿರುವ, ಮೈಯನ್ನು ಕಾಯುವ ಟಿ-ಕೋಶಗಳಿಗೆ ತೋರಿಸುತ್ತವೆ. ಟಿ-ಕೋಶ ಇಡಿಯಾಗಿರುವುದನ್ನು ಗುರುತಿಸಲಾರದು, ಹಾಗೆ ಹಿಡಿದು ತೋರಿಸಿದ ತುಂಡನ್ನು ಮಾತ್ರ ಗುರುತಿಸುತ್ತದೆ. ಒಮ್ಮೆ ಗುರುತಿಸಿದರೆ ಮರೆಯುವುದಿಲ್ಲ. ಮತ್ತೆ ಅದೇ ತುಂಡು ಕಂಡರೆ ದಂಡು ಕಟ್ಟಿಕೊಂಡು ಚರ್ಮಕ್ಕೆ ಬರುತ್ತದೆ, ಬರಲು ಎರಡು ದಿನವಾದರೂ ಬೇಕು.

ಅವ್ವ ಪೂರಾ ಕೇಳಿಸಿಕೊಂಡಳು. “ತುಂಡ ಕಣ್ಣಾರೆ ನೋಡದೆ ಅದು ಯಾರ್ ಮ್ಯಾಲೂ ತಪ್ಪು ಹಾಕಕಿಲ್ಲ ಅನ್ನು. ನಿನಗಿಂತ ವಾಸಿ ಕಣಮ್ಮಿ,” ಎಂದಳು.

ಮತ್ತೆ ಬಸ್ಸು ಹತ್ತಿ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದೆವು. ಈ ಸಲ ಅವ್ವ ಹಟಕ್ಕೆ ಬಿದ್ದಳು. ಕೈಕಾಲು, ಮುಖ ತೊಳೆದು, ಹಣೆಗೂ ತೋಳಿಗೂ ವಿಭೂತಿ ದಟ್ಟವಾಗಿ ಬಳಿದುಕೊಂಡು ಪೂಜೆಗೆ ಕೂತಳು. ವಿಭೂತಿ ಧರಿಸುವುದೂ ಸ್ನಾನವೇ ಎಂದು ಅವಳ ಅವ್ವ ಹೇಳುತ್ತಿದ್ದಳಂತೆ. ಎರಡು ದಿನವೂ ಬೋರಲಾಗಿಯೇ ಮಲಗಿದಳು.

ಡಾಕ್ಟರು ಪಟ್ಟಿ ಬಿಚ್ಚಿದರು. ಚೆಂಡುಹೂವಿನ ಜಾಗದಲ್ಲಿ ಏನೂ ಇರಲಿಲ್ಲ. ಪಾರ್ಥೇನಿಯಂ ಇದ್ದಲ್ಲಿ ಚರ್ಮ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ಅವ್ವನಿಗೆ ತೋರಿಸುವಾಗ ನನಗೆ ನಾಚಿಕೆಯಾಯಿತು. ಹೂವು ಕೊಯ್ಯಲು ಬದುವಿನ ಮೇಲೆ ಓಡಾಡುವಾಗ ತಾಗುವ ಆ ಕಳೆಯ ಹತ್ತಿರ ಇವರು ಸುಳಿಯಲೇಬಾರದು ಎಂದರು ಡಾಕ್ಟರು.

ಊರಿಗೆ ಬಂದವಳೇ ಅವ್ವ ನನ್ನ ಕೈಗೆ ಒಂದು ಜೊತೆ ಗವಸು ಕೊಟ್ಟು, ತಾನು ಹೊಲದಿಂದ ದೂರ ರಸ್ತೆಯಲ್ಲೇ ನಿಂತಳು.

“ಹೂವ ಕಿತ್ತಾಕು ಅಂತಿದ್ದಲ್ಲ,” ಎಂದು ಬದುವಿನ ಕಳೆಯತ್ತ ಕೈ ತೋರಿಸಿದಳು. “ಈಗ ಕೀಳು.”