ಯಮನೂರಮ್ಮ ಅಕ್ಕೋರ ಚೆಂಡು ಬಿದ್ದ ಬಗೆ

ಯಮನೂರಮ್ಮ ಅಕ್ಕೋರು ಜೀವನದಲ್ಲಿ ಮೊದಲ ಸಲ ಗಾಲ್ಫ್ ಕೋಲು ಬೀಸಿದಾಗ ಚೆಂಡು ಇದ್ದಲ್ಲೇ ಇತ್ತು. ಬಲಗಾಲಿನ ಬೂಟು ಹೋಯಿತು. ಹೋಯಿತು ಎಂದರೆ ಸುಮ್ಮನೆ ಜಾರಿದ್ದಲ್ಲ. ಬೀಸಿದ ರಭಸಕ್ಕೆ ಕಾಲೂ ಮೇಲೆದ್ದು, ಬೂಟು ಗಾಳಿಯಲ್ಲಿ ಪಲ್ಟಿ ಹೊಡೆದು, ಟೋಪಿ ಹಾಕಿ ನಿಂತಿದ್ದ ಕಾರ್ಖಾನೆಯ ಸಾಹೇಬರೊಬ್ಬರ ತಲೆಯ ಮೇಲಿಂದ ಹಾದು, ಹುಲ್ಲಿನ ನಡುವೆ ತೋಡಿದ್ದ ಮರಳುಗುಂಡಿಯಲ್ಲಿ ಅಂಗಾತ ಬಿತ್ತು. ಮರಳಿಗೆ ಬಿದ್ದ ಚೆಂಡನ್ನು ಹೇಗೆ ಹೊಡೆಯಬೇಕು ಎಂದು ಗಾಲ್ಫಿನವರು ಪುಟಗಟ್ಟಲೆ ಬರೆದಿದ್ದಾರೆ. ಬೂಟಿನ ವಿಷಯದಲ್ಲಿ ಅವರದು ಮೌನ.

ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಧಿಕಾರಿಗಳ ಹೆಂಡಂದಿರು ನಕ್ಕರು. ಅಕ್ಕೋರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದ ನಾನು, ನಗು ತಡೆಯಲು ಕೆಮ್ಮಿದೆ. ಅಕ್ಕೋರು ಯಾರ ಮುಖವನ್ನೂ ನೋಡಲಿಲ್ಲ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲ; ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಹೊರಟವರ ಹಾಗೆ ನೆಟ್ಟಗೆ ನಡೆದು ಹೋಗಿ, ಬೂಟು ಎತ್ತಿ ಮರಳು ಕೊಡವಿ, ಹಾಕಿಕೊಂಡು ಬಂದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಉಸುಕು ಛಲೋ ಐತಿ. ಲಾಂಗ್ ಜಂಪಿಗೆ ಹೇಳಿ ಮಾಡ್ಸಿದಂಗ ಐತಿ" ಎಂದರು. ಆಮೇಲೆ ಕೋಲನ್ನು ಅಲ್ಲೇ ಒರಗಿಸಿ, ಕ್ಲಬ್ಬಿನ ಕಟ್ಟಡದ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅಳುತ್ತಿದ್ದಾರೇನೋ ಎಂದು ನನಗೆ ಭಯ. ಬಂದಾಗ ನೋಡಿದರೆ ಮುಖ ತೊಳೆದುಕೊಂಡು, ಕುಂಕುಮ ತಿದ್ದಿಕೊಂಡು, ಒಂಥರಾ ಹೊಳೆಯುತ್ತಿದ್ದರು. ಅದು ದೃಢಸಂಕಲ್ಪದ ಹೊಳಪು ಎಂದು ನಾನು ತಿಳಿದೆ.

ಬೂಟು ಹಾರಲು ಕಾರಣವಿತ್ತು: ಲೇಸು ಕಟ್ಟಿರಲಿಲ್ಲ, ತುದಿಗಳನ್ನು ಒಳಗೆ ತುರುಕಿದ್ದರು. ಕಟ್ಟಲು ಬಗ್ಗಬೇಕು, ಬಗ್ಗಲು ಮೊಣಕಾಲು ಒಪ್ಪಬೇಕು. ಬೇರೆಯವರಿಗೆ "ಕಟ್ಟಪ್ಪಾ" ಎನ್ನಲು ಅಕ್ಕೋರು ಒಪ್ಪಬೇಕು. ಮೊಣಕಾಲೇ ವಾಸಿ, ನೋವಾದಾಗಲಾದರೂ ಮಾತಾಡುತ್ತದೆ.

ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ಅಕ್ಕೋರು ಎನ್ನುತ್ತೇವೆ. ಆದರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಬಸ್ಸುಗಳಲ್ಲಿ ಬರೀ "ಅಕ್ಕೋರು ಬಂದ್ರು" ಅಂದರೆ ಸಾಕು, ಮಹಿಳಾ ಸೀಟಿನಲ್ಲಿ ಕೂತ ಗಂಡಸರು ಎದ್ದು ನಿಲ್ಲುತ್ತಾರೆ. ಯಮನೂರಮ್ಮ ಯಲಬುರ್ಗಾ ಸೀಮೆಯ ಮಂಗಳೂರಿನ ಒಕ್ಕಲು ಮನೆಯ ಮಗಳು. ನಮ್ಮ ಮಂಗಳೂರಿಗೆ ಸಮುದ್ರವಿಲ್ಲ. ಅಲೆ ಎಬ್ಬಿಸುವ ಕೆಲಸವನ್ನು ಈಕೆಯೇ ನೋಡಿಕೊಂಡರು. ಸರ್ಕಾರಿ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕಿಯಾಗಿ ಇಡೀ ಸರ್ವೀಸು ಕಳೆದರು. ನಾನು ಓದಿದ ಕಾನ್ವೆಂಟಿನಲ್ಲಿ ಪಿ.ಟಿ. ಎಂದರೆ ಬಿಳಿ ಬೂಟಿನ ಕಲೆಗೆ ಚಾಕ್‌ಪೀಸು ಉಜ್ಜುವ ವಿದ್ಯೆ. ಅಕ್ಕೋರ ಹುಡುಗಿಯರಿಗೆ ಬೂಟೇ ಇರಲಿಲ್ಲ. ಜಾಲಿಮುಳ್ಳು ಆರಿಸಿ, ಕಲ್ಲು ಹೆಕ್ಕಿ, ನೀರು ಹೊಡೆದು ತಾವೇ ಮಾಡಿಕೊಂಡ ಅಂಗಳದಲ್ಲಿ ಖೋ-ಖೋ ಕಲಿತರು, ವಿಭಾಗ ಮಟ್ಟದವರೆಗೆ ಹೋದರು.

ಹೋಗುವುದೆಂದರೆ ಬರೀ ಆಟವಲ್ಲ. ಕಲಬುರಗಿಯೋ ರಾಯಚೂರೋ, ಎಲ್ಲಿಗೆ ಹೋದರೂ ಅಕ್ಕೋರು ಮೊದಲು ನೋಡುತ್ತಿದ್ದದ್ದು ಮೈದಾನವನ್ನಲ್ಲ, ಅದರ ಅಕ್ಕಪಕ್ಕದ ಮನೆಗಳನ್ನು. ಯಾವುದಾದರೂ ಮನೆಯ ಯಜಮಾನಿಯನ್ನು ಮಾತಾಡಿಸಿ, ಅವ್ವ ಅಂತ ಕರೆದು, "ನಮ್ಮ ಹುಡುಗ್ಯಾರು ಒಂದೀಟು ಹಿತ್ತಲಕ್ಕ ಹೋಗಿ ಬರ್ತಾವ್ರೀ" ಎಂದು ಬೇಡಿಕೊಳ್ಳಬೇಕು. ಮನೆ ಸಿಗದ ಊರಲ್ಲಿ ಬೆಳಗಿನಿಂದ ಯಾರೂ ನೀರು ಕುಡಿಯುವಂತಿಲ್ಲ. ಬಿಸಿಲಲ್ಲಿ ಹುಡುಗಿಯರು ತಲೆ ತಿರುಗಿ ಬೀಳುತ್ತಿದ್ದರು. ಪತ್ರಿಕೆಯವರು ಮಾತ್ರ 'ಕಠಿಣ ಪರಿಶ್ರಮ' ಎಂದು ಬರೆಯುತ್ತಿದ್ದರು.

ಒಂದು ವರ್ಷ ವಿಭಾಗ ಮಟ್ಟದ ಫೈನಲ್ಲು. ಅಟ್ಟಿಸಿಕೊಂಡು ಓಡುತ್ತಿದ್ದವಳು ಲಲಿತಾ, ಅಕ್ಕೋರ ಅಚ್ಚುಮೆಚ್ಚಿನ ಹುಡುಗಿ. ಎದುರಾಳಿಯನ್ನು ಮುಟ್ಟಿದಳು, ಕಪ್ಪು ನಮ್ಮದೇ ಎಂದು ಎಲ್ಲರೂ ಕುಣಿದರು. ಅಷ್ಟರಲ್ಲಿ ಅಕ್ಕೋರು ಕೈ ಎತ್ತಿ ಅಂಪೈರಿನ ಹತ್ತಿರ ಹೋದರು. "ಸರ, ನಮ್ಮ ಹುಡುಗಿ ನಡುಗೆರಿ ದಾಟಿ ಮುಟ್ಯಾಳ, ಫೌಲ್ ಅದು. ನೀವು ನೋಡಿಲ್ಲ, ನಾ ನೋಡೀನಿ." ಕಪ್ಪು ಹೋಯಿತು. ಲಲಿತಾ ಶಾಲೆ ಮುಗಿಯುವವರೆಗೂ ಅಕ್ಕೋರ ಜೊತೆ ಮಾತು ಬಿಟ್ಟಿದ್ದಳು. ಈಗ ಆಕೆ ಬಸ್ ಕಂಡಕ್ಟರ್, ಕೊಪ್ಪಳ–ಗಂಗಾವತಿ ರೂಟು. ಅಕ್ಕೋರು ಕೈ ಎತ್ತಿದಲ್ಲಿ ಸ್ಟಾಪು ಇರಲಿ ಬಿಡಲಿ ಬಸ್ಸು ನಿಲ್ಲುತ್ತದೆ. ಆ ಕೈಯ ಮಹಿಮೆ ಆಕೆಗೆ ಗೊತ್ತು.

ನಿವೃತ್ತರಾಗಿ ಅಕ್ಕೋರು ಕೊಪ್ಪಳದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೆ ಮೊಣಕಾಲು ಕೈಕೊಟ್ಟಿತು. ಡಾಕ್ಟರು, "ಓಡಬ್ಯಾಡ್ರಿ, ಜಿಗಿಬ್ಯಾಡ್ರಿ, ನೆಲಕ್ಕ ಕೂಡಬ್ಯಾಡ್ರಿ. ನಿಧಾನಕ್ಕ ನಡೀರಿ" ಎಂದರು. ಸಂಜೆ ಹೊತ್ತು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬೀದಿಯ ಮಕ್ಕಳ ಕ್ರಿಕೆಟ್ಟಿನಲ್ಲಿ ಫೌಲು ಹುಡುಕುತ್ತಾ ಕೂತಿರುತ್ತಿದ್ದರು. ಕ್ರಿಕೆಟ್ಟಿನಲ್ಲಿ ಫೌಲು ಇಲ್ಲ ಎಂದು ಹೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ.

ಹೊಸಪೇಟೆ ರಸ್ತೆಯ ಕಾರ್ಖಾನೆಯೊಂದು ತನ್ನ ಕಾಲೊನಿಯಲ್ಲಿ ಪುಟ್ಟ ಗಾಲ್ಫ್ ಮೈದಾನ ಮಾಡಿತ್ತು. ಊರಿನ ಹೆಂಗಸರಿಗೂ ಕಲಿಸುತ್ತೇವೆ, ಶುಲ್ಕವಿಲ್ಲ ಎಂದು ಸಾರಿದರೂ ಯಾರೂ ಹೋಗಲಿಲ್ಲ. ಅದರ ಉಸ್ತುವಾರಿ ಪ್ರಭುರಾಜನದು. ಗಂಗಾವತಿಯ ಅಕ್ಕಿಗಿರಣಿ ಮನೆತನದ ಹುಡುಗ, ಈಗ ಕಾರ್ಖಾನೆಯಲ್ಲಿ ಆಫೀಸರ್. ಅಕ್ಕೋರು ಬಂದರೆ ಉಳಿದವರೂ ಬರುತ್ತಾರೆ ಎಂಬ ಲೆಕ್ಕದಲ್ಲಿ ಮನೆಗೇ ಬಂದು ಕರೆದ. "ಬರೀ ನಡಿಯೋ ಆಟ ರೀ ಮೇಡಂ. ನಡುನಡುವ ಒಮ್ಮೆ ಹೊಡಿಯೂದು, ಅಷ್ಟ."

ಹಾಗೆ ಹೋದ ಮೊದಲ ದಿನವೇ ಬೂಟು ಹಾರಿದ್ದು. ಮನೆಗೆ ಬರುವಾಗ ಕಾರಿನಲ್ಲಿ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ನೋಡ್ರಿ, ನನಗ ಬರಲಾರದ್ದು ಒಂದು ಐತಿ ಅಂತ ನನ್ನ ಹುಡುಗ್ಯಾರಿಗೆ ಗೊತ್ತಿಲ್ಲ. ಈ ವಯಸ್ಸಿನಾಗ ಅದನ್ಯಾಕ ಅವರಿಗೆ ತೋರಸ್ಲಿ?"

"ಕಲಿಯೋರಿಗೆ ಮೊದಲು ಬರಂಗಿಲ್ಲಲ್ರಿ ಅಕ್ಕೋರ," ಎಂದೆ.

"ನಾ ಕಲಿಸಾಕಿ. ಕಲಿಯಾಕಿ ಅಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಬಾಯಿಗೆ ಚಿಲಕವಿಲ್ಲ. ಗಂಗಾವತಿಗೆ ಹೋಗುವಾಗ ಲಲಿತಾಳ ಬಸ್ಸಿನಲ್ಲಿ ಬೂಟಿನ ಕಥೆ ಹೇಳಿಬಿಟ್ಟೆ. ಆಕೆ ನಗಲಿಲ್ಲ. ಟಿಕೆಟ್ ಹರಿಯುವುದನ್ನು ಬಿಟ್ಟು, ಕುಷ್ಟಗಿಯಲ್ಲಿ ಬ್ಲೌಸು ಹೊಲಿಯುವ ಖುರ್ಷಿದಾಗೆ ಫೋನು ಹಚ್ಚಿದಳು. ಭಾನುವಾರ ಬೆಳಿಗ್ಗೆ ಇಡೀ ಹಳೆಯ ಟೀಮು ಅಕ್ಕೋರ ಬಾಗಿಲಲ್ಲಿ ನಿಂತಿತ್ತು.

"ಬಿದ್ರ ಏಳ್ರಿ, ಎದ್ದು ಓಡ್ರಿ ಅಂತ ನಮಗ ಹೇಳಿದವ್ರು ಯಾರ್ರೀ?" ಖುರ್ಷಿದಾ ಕೇಳಿದಳು.

"ನಾ ಬಿದ್ದಿಲ್ಲ. ಬೂಟು ಬಿದ್ದೈತಿ."

"ಹಂಗಂದ್ರ ಬೂಟಿಗೆ ಹೇಳೂಣು, ಬರ್ರಿ."

ಅಕ್ಕೋರು ಸೋತು ಎದ್ದರು. ಆದರೆ ಷರತ್ತು ಹಾಕಿದರು. "ಇವತ್ತ ಒಂದು ಚೆಂಡು ಕುಳಿಯಾಗ ಬಿದ್ರ ಕಲೀತೀನಿ. ಬೀಳಲಿಲ್ಲಂದ್ರ ಆ ಕೋಲು ಮತ್ತ ಮುಟ್ಟಂಗಿಲ್ಲ. ನೀವೂ ಕೇಳಂಗಿಲ್ಲ." ಲಲಿತಾ ಮೊಣಕಾಲೂರಿ ಬೂಟಿನ ಲೇಸಿಗೆ ಕೈ ಹಾಕಿದಳು. ಅಕ್ಕೋರು ಕಾಲು ಹಿಂದಕ್ಕೆಳೆದುಕೊಂಡು, "ಸರಿ ಅತ್ತಾಗ, ನನಗೇನು ಆಗೈತಿ?" ಎಂದು ಮತ್ತೆ ತುದಿಗಳನ್ನು ಒಳಗೆ ತುರುಕಿದರು.

ಮೈದಾನದಲ್ಲಿ ಪ್ರಭುರಾಜ ಚೆಂಡು ಇಡುವ ಸಣ್ಣ ಗೂಟವನ್ನು ತೋರಿಸಿ, "ಇದಕ್ಕ ಟೀ ಅಂತಾರ್ರಿ" ಎಂದು ವಿವರಿಸುತ್ತಿದ್ದ. ಟೀಚರಿಗೇ ಟೀ ಕಲಿಸುವ ಧೈರ್ಯ ಮೆಚ್ಚತಕ್ಕದ್ದು. ಅಷ್ಟರಲ್ಲಿ ಆ ಕಡೆ ಹುಡುಗಿಯರು — ಎಲ್ಲರೂ ಈಗ ತಾಯಂದಿರು, ಆದರೆ ಅಕ್ಕೋರ ಲೆಕ್ಕದಲ್ಲಿ ಹುಡುಗಿಯರೇ — ಕುಳಿ ಇರುವ ಜಾಗಕ್ಕೆ ಹೋಗಿದ್ದರು. ಗುಂಡಗೆ, ಸಾರಿಸಿದಂತೆ ನುಣ್ಣಗೆ, ನಟ್ಟನಡುವೆ ಕುಳಿಯಲ್ಲಿ ಒಂದು ಕೋಲು ನೆಟ್ಟ ಆ ಜಾಗ ಒಕ್ಕಲು ಮಕ್ಕಳ ಕಣ್ಣಿಗೆ ಇನ್ನೇನಾಗಿ ಕಂಡೀತು? ಕಣ. ರಾಶಿ ಮಾಡುವ ಕಣ. ನಡುವಿನ ಬಾವುಟದ ಕೋಲು, ಎತ್ತು ಕಟ್ಟಿ ಸುತ್ತಿಸುವ ಮೇಟಿ. ಮೇಟಿಗೆ ಪೂಜೆ ಮಾಡದೆ ಕಣದಲ್ಲಿ ಕೆಲಸ ಶುರುಮಾಡುವ ಮನೆ ನಮ್ಮ ಸೀಮೆಯಲ್ಲಿಲ್ಲ. ಎಲ್ಲರೂ ಅಂಚಿನಲ್ಲಿ ಚಪ್ಪಲಿ ಕಳಚಿದರು. ಲಲಿತಾ ಬ್ಯಾಗಿನಿಂದ ತೆಂಗಿನಕಾಯಿ, ಊದಿನಕಡ್ಡಿ ತೆಗೆದಳು. ಖುರ್ಷಿದಾ ಸೆರಗಿನ ತುಂಬ ತಂದಿದ್ದ ಚೆಂಡುಹೂವನ್ನು ಕೋಲಿನ ಬುಡಕ್ಕೆ ಸುರಿದಳು.

ಪ್ರಭುರಾಜ ಓಡಿ ಬಂದ. "ಏನ್ ಮಾಡಾಕತ್ತೀರಿ ಯವ್ವಾ! ಇದು ಗ್ರೀನ್, ಚೆಂಡು ಉರುಳಸೂ ಜಾಗ!"

"ಮೇಟಿ ಪೂಜಿ ರೀ ಸರ. ನಿಮ್ಮ ಮನ್ಯಾಗ ಮಾಡಂಗಿಲ್ಲೇನು?"

ಅಕ್ಕಿಗಿರಣಿಯ ಮಗ ಟೋಪಿ ತೆಗೆದು, ಬೂಟು ಬಿಚ್ಚಿ, ಆರತಿ ತೆಗೆದುಕೊಂಡ. ಆಮೇಲೆ ಮೇಲಿನ ಹೂವನ್ನೆಲ್ಲ ಭಕ್ತಿಯಿಂದ ಬದಿಗೆ ಸರಿಸಿದ.

ಆಟ ಶುರುವಾಯಿತು. ಆಟ ಎನ್ನುವುದು ನನ್ನ ಸೌಜನ್ಯ. ಅಕ್ಕೋರು ಹುಲ್ಲು ಕಿತ್ತರು, ಮಣ್ಣು ಎಬ್ಬಿಸಿದರು, ಚೆಂಡು ಬಲಕ್ಕೆ ಹೋಗಬೇಕಾದಾಗ ಎಡಕ್ಕೆ ಹೊಡೆದರು. ಬೂಟು ಸಡಿಲಾಗುತ್ತಿದ್ದರಿಂದ ಹೆಬ್ಬೆರಳು ಬಿಗಿ ಹಿಡಿದು ನಡೆಯುತ್ತಿದ್ದರು. ಹುಡುಗಿಯರು ಮೊದಲು "ಹೊಡೀರಿ ಅಕ್ಕೋರ!" ಎಂದು ಕೂಗಿದರು, ಈ ಆಟದಲ್ಲಿ ಬಾಯಿ ಮುಚ್ಚಿರಬೇಕು ಎಂದು ಪ್ರಭುರಾಜ ಹೇಳಿದ ಮೇಲೆ ಉಸಿರನ್ನೂ ಮುಚ್ಚಿಕೊಂಡರು. ಅಂತೂ ಚೆಂಡು ಕಣದ ಅಂಚಿಗೆ ಬಂತು. ಅಕ್ಕೋರೂ ಬೂಟು ಕಳಚಿದರು. ಪ್ರಭುರಾಜ ಬಾವುಟ ಕಿತ್ತು ಬದಿಗೆ ನಿಂತ. ಅಕ್ಕೋರು ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ನೆಂಟರ ಮನೆ ಹುಡುಕುವವರ ಹಾಗೆ ಅಲ್ಲಿ ಇಲ್ಲಿ ನೋಡುತ್ತಾ ಉರುಳಿ, ಕುಳಿಯ ಬಾಯಿಗೆ ಬಂದು, ಒಳಗೆ ಇಳಿದು — ನಿಂತಿತು. ಅರ್ಧ ಹೊರಗೇ ಕಾಣುತ್ತಿತ್ತು.

ಕುಳಿಯೊಳಗೆ ಹೂವು ತುಂಬಿತ್ತು. ಮೇಲಿನದನ್ನು ಸರಿಸಿದ್ದರೇ ಹೊರತು ಒಳಗೆ ಯಾರೂ ನೋಡಿರಲಿಲ್ಲ. ಚೆಂಡುಹೂವಿನ ಮೇಲೆ ಚೆಂಡು. ಇಂಥ ಅವಕಾಶ ಕನ್ನಡಕ್ಕೆ ದಿನಾ ಸಿಗುವುದಿಲ್ಲ.

"ಬಿತ್ತು!" ಎಂದು ಹುಡುಗಿಯರು ಕುಣಿದರು.

"ಬಿದ್ದಂಗ ಆತ್ರಿ ಮೇಡಂ," ಎಂದ ಪ್ರಭುರಾಜ. ಅವನಿಗೂ ಬೇಕಿತ್ತು.

ಅಕ್ಕೋರು ಕುಳಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೈ ಎತ್ತಿದರು. ಆ ಕೈಯನ್ನು ಲಲಿತಾ ಗುರುತಿಸಿದಳು.

"ಅಕ್ಕೋರ, ಬ್ಯಾಡ್ರಿ! ಮತ್ತ ಅದನ್ನ ಮಾಡಬ್ಯಾಡ್ರಿ! ಅವತ್ತ ನನ್ನ ಕಪ್ ಕಳೆದ್ರಿ, ಇವತ್ತ ನಿಮ್ಮದನ್ನೂ ಕಳೀತೀರೇನು?"

"ತಳಾ ಮುಟ್ಟಿಲ್ಲ. ಬಿದ್ದಿಲ್ಲ," ಎಂದರು ಅಕ್ಕೋರು.

"ಹೂವು ಹಾಕಿದಾಕಿ ನಾನ್ರೀ, ತಪ್ಪು ನಂದು!" ಖುರ್ಷಿದಾ ಹೆಚ್ಚುಕಡಿಮೆ ಅಳುತ್ತಿದ್ದಳು.

"ತಪ್ಪು ಯಾರದಾರ ಇರ್ಲಿ. ಚೆಂಡು ಮ್ಯಾಲ ಐತಿ."

ಲಲಿತಾ ಮುಖ ತಿರುಗಿಸಿ ನಿಂತಳು. ಹೈಸ್ಕೂಲಿನ ಆ ಹುಡುಗಿಯೇ ಮತ್ತೆ ಬಂದು ನಿಂತ ಹಾಗಿತ್ತು. ಅಕ್ಕೋರು ಚೆಂಡು ಎತ್ತಿಕೊಂಡು, ಹೂವೆಲ್ಲ ತೆಗೆಸಿ, ಅಂಚಿಗೆ ಬಂದು ಬೂಟಿನೊಳಗೆ ಕಾಲು ತೂರಿಸಿದರು. ಅವರೀಗ ಮನೆಗೆ ಹೊರಡುತ್ತಾರೆ ಎಂದುಕೊಂಡು ನಾನು ಕಾರಿನ ಕೀಲಿ ತೆಗೆದೆ.

ಅಕ್ಕೋರು ಲಲಿತಾಳ ಮುಂದೆ ಹೋಗಿ, ಎಲ್ಲರೂ ನೋಡುತ್ತಿರುವಾಗಲೇ, ಕಾಲು ಮುಂದೆ ಚಾಚಿದರು.

"ಕಟ್ಟು."

ಲಲಿತಾ ತಿರುಗಿ ನೋಡಿದಳು.

"ಬಿಗಿ ಕಟ್ಟು. ಇನ್ನೂ ಹೊತ್ತು ಐತಿ. ಮೊದಲಿಂದ ಹೊಡೀತೀನಿ. ನನಗ ಬರಂಗಿಲ್ಲ ಅಂತ ಈಗ ಎಲ್ಲಾರೂ ನೋಡೇಬಿಟ್ರಿ. ಇನ್ನ ಯಾಕ ಮುಚ್ಚಿಡ್ಲಿ?"

ಆಮೇಲಿನ ಹೊಡೆತಗಳನ್ನು ಎಣಿಸುವುದು ಅಮಾನವೀಯ. ಬಿಸಿಲು ನೆತ್ತಿಗೆ ಬಂತು. ಸಾಹೇಬರುಗಳು ಬಂದು ಕಾದು, ದಾರಿ ಕೇಳಿ, ಸುತ್ತಿಕೊಂಡು ಮುಂದೆ ಹೋದರು. ಅಕ್ಕೋರು ಬೆವರೊರೆಸಿಕೊಂಡು, ತಪ್ಪು ಹೊಡೆದಾಗಲೆಲ್ಲ "ಫೌಲ್" ಎಂದು ತಾವೇ ಕೂಗಿಕೊಂಡು ಹೊಡೆಯುತ್ತಲೇ ಇದ್ದರು. ಕೊನೆಗೊಮ್ಮೆ ಚೆಂಡು ಕುಳಿಗೆ ಬಿದ್ದು ಟೊಳ್ಳಗೆ ಸದ್ದು ಮಾಡಿತು. ಅಕ್ಕೋರು ಬಗ್ಗಲಾರದೆ ಲಲಿತಾಳ ಕಡೆ ನೋಡಿದರು. ಆಕೆ ಕುಳಿಯೊಳಗೆ ಕೈ ಹಾಕಿ ತಡವಿ, "ತಳಾ ಮುಟ್ಟೈತ್ರಿ!" ಎಂದು ಕಿರುಚಿದಳು. ಆ ಕೂಗಿಗೆ ಬಾಯಿ ಮುಚ್ಚಿರಬೇಕೆಂಬ ನಿಯಮ ಶಾಶ್ವತವಾಗಿ ಸತ್ತುಹೋಯಿತು. ಅವತ್ತು ಕಾರಿನಲ್ಲಿ ನಮ್ಮ ಊರಿನ ಬೋರ್ಡು ಕಂಡಾಗ ನನಗೆ ಯಾಕೋ ಎದೆ ಉಬ್ಬಿತು. ಚೆಂಡು ಹೊಡೆಯುವವರು ಎಲ್ಲ ಊರಲ್ಲೂ ಇದ್ದಾರೆ. ಬಿದ್ದ ಚೆಂಡನ್ನು ಬಿದ್ದಿಲ್ಲ ಎನ್ನುವವರು ನಮ್ಮ ಓಣಿಯಲ್ಲಿದ್ದಾರೆ.

ಅಕ್ಕೋರು ಪ್ರತಿ ಭಾನುವಾರ ಹೋದರು. ಅವರ ಹಿಂದೆ ಊರಿನ ಹೆಂಗಸರೂ ಹೋದರು. ದಸರೆಯ ಮುಂದೆ ಕಾರ್ಖಾನೆಯವರು ಸಣ್ಣದೊಂದು ಸಮಾರಂಭ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಭುರಾಜ ಮೈಕು ಹಿಡಿದು, ಅಕ್ಕೋರ ಹಟ, ಪ್ರಾಮಾಣಿಕತೆ, ಮೇಟಿ ಪೂಜೆ ಎಲ್ಲವನ್ನೂ ಹೊಗಳಿ, "ಮೇಡಂ, ಇಷ್ಟು ಕಷ್ಟಪಟ್ಟು ಇಲ್ಲಿಗೆ ಬರ್ತೀರಿ. ಗಾಲ್ಫಿನಾಗ ನಿಮ್ಮನ್ನ ಹಿಡಿದು ನಿಲ್ಲಿಸಿದ್ದು ಏನ್ರಿ? ತಾಳ್ಮಿ? ಏಕಾಗ್ರತಿ?" ಎಂದು ಮೈಕನ್ನು ಅವರ ಬಾಯಿಗೆ ಹಿಡಿದ. ಹುಡುಗಿಯರು ಮೊಬೈಲು ಎತ್ತಿದರು. ನಾನೂ ಪೆನ್ನು ತೆಗೆದೆ.

ಅಕ್ಕೋರು ಹಾರ ಸರಿಮಾಡಿಕೊಂಡು ಹೇಳಿದರು:

"ಗಾಲ್ಫ್ ನನಗಿನ್ನೂ ಬರಂಗಿಲ್ರೀ. ಇಲ್ಲಿ ಸಂಡಾಸ ಭಾಳ ಛಲೋ ಐತಿ. ನೀರು ಬರ್ತೈತಿ, ಒಳಗ ಚಿಲಕಾನೂ ಐತಿ."